ಹೊಲಿಗೆಯೋ ಬೂಟೋ: ಮಗಳಿಗೊಂದು ಪತ್ರ

ಶಿವಮೊಗ್ಗ
ಮಂಗಳವಾರ

ಪ್ರೀತಿಯ ಪುಟ್ಟಿಗೆ,

ನೀನು ಕಳಿಸಿದ ಸ್ಕ್ಯಾನ್ ರಿಪೋರ್ಟ್ ನಿಧಾನವಾಗಿ ಓದಿದೆ. ಎಡಗಾಲಿನ ಅಕಿಲಿಸ್ ಟೆಂಡನ್, ಅಂದರೆ ಮೀನಖಂಡವನ್ನು ಹಿಮ್ಮಡಿಗೆ ಕಟ್ಟುವ ದಪ್ಪ ನಾರು, ಪೂರ್ತಿ ಹರಿದಿದೆ, ಹಿಮ್ಮಡಿ ಮೂಳೆಯಿಂದ ಸುಮಾರು 5 ಸೆಂಟಿಮೀಟರ್ ಮೇಲೆ. ಹೆಚ್ಚಿನವರಿಗೆ ಹರಿಯುವುದು ಆ ಜಾಗದ ಆಸುಪಾಸಿನಲ್ಲೇ. ಅಲ್ಲಿ ರಕ್ತದ ಓಡಾಟ ಕಡಿಮೆ. ರಿಪೋರ್ಟಿನ ಕೊನೆಯ ಸಾಲನ್ನು ನೀನು ಗಮನಿಸಿದೆಯೋ ಇಲ್ಲವೋ: ಪಾದವನ್ನು ಕೆಳಮುಖ ಮಾಡಿದಾಗ ಹರಿದ ಎರಡು ತುದಿಗಳೂ ಒಂದಕ್ಕೊಂದು ಹತ್ತಿರ ಬರುತ್ತವೆ ಅಂತ ಬರೆದಿದ್ದಾರೆ. ನನಗೆ ಆ ಸಾಲೇ ಮುಖ್ಯ.

ಮೊದಲು ಒಂದು ಕೆಲಸ ಮಾಡು. ಈಗ ಕಟ್ಟಿರುವ ಸ್ಲ್ಯಾಬಿನಲ್ಲಿ, ಅಂದರೆ ಆ ಅರ್ಧ ಪ್ಲಾಸ್ಟರ್ ಪಟ್ಟಿಯಲ್ಲಿ, ನಿನ್ನ ಪಾದ ಹೇಗಿದೆ ನೋಡು. ಬೆರಳು ನೆಲದ ಕಡೆ ಬಾಗಿ, ತುದಿಗಾಲಲ್ಲಿ ನಿಂತ ಹಾಗೆ ಇರಬೇಕು. ಅವತ್ತು ರಾತ್ರಿ ಎಮರ್ಜೆನ್ಸಿಯಲ್ಲಿ ಉಳುಕು ಅಂದುಕೊಂಡು ಕಟ್ಟಿದರಲ್ಲ, ಪಾದವನ್ನು ನೇರವಾಗಿ ಇಟ್ಟಿದ್ದರೆ ಇವತ್ತೇ ಹೋಗಿ ಬದಲಾಯಿಸಿಕೊಂಡು ಬಾ. ಪಾದ ನೇರ ಇದ್ದಷ್ಟು ಹೊತ್ತೂ ಆ ತುದಿಗಳು ದೂರ ದೂರ ಇರುತ್ತವೆ. ಆಪರೇಷನ್ ಮಾಡಿಸಿಕೊಳ್ಳುತ್ತೀಯೋ ಬಿಡುತ್ತೀಯೋ, ಇದು ಮಾತ್ರ ಕಾಯುವ ವಿಷಯ ಅಲ್ಲ.

ಅಳಿಯಂದಿರು ಕೇಳಿದರು, ಪಾದ ಅಲ್ಲಾಡುತ್ತದಲ್ಲ, ಪೂರ್ತಿ ಹರಿದಿದ್ದರೆ ಹೇಗೆ ಅಲ್ಲಾಡುತ್ತದೆ ಅಂತ. ಒಳ್ಳೆಯ ಪ್ರಶ್ನೆ. ಪಾದವನ್ನು ಕೆಳಗೆ ಬಾಗಿಸಲು ಬೇರೆ ಸಣ್ಣ ಸ್ನಾಯುಗಳೂ ಇವೆ, ಅವು ಅಷ್ಟಿಷ್ಟು ಕೆಲಸ ಮಾಡುತ್ತವೆ. ಅದಕ್ಕೇ ಡಾಕ್ಟರು ನಿನ್ನನ್ನು ಬೋರಲು ಮಲಗಿಸಿ ಮೀನಖಂಡ ಹಿಂಡಿ ನೋಡಿದ್ದು. ಟೆಂಡನ್ ಗಟ್ಟಿಯಿದ್ದರೆ ಹಿಂಡಿದಾಗ ಪಾದ ತಾನಾಗಿ ಬಾಗುತ್ತದೆ. ನಿನ್ನದು ಅಲ್ಲಾಡಲಿಲ್ಲ. ಶಟಲ್ ಹೊಡೆಯಲು ಹಿಂದಕ್ಕೆ ಹೆಜ್ಜೆ ಇಟ್ಟಾಗ ಯಾರೋ ಹಿಂದಿನಿಂದ ಒದ್ದ ಹಾಗಾಯಿತು ಅಂದೆಯಲ್ಲ, ನನ್ನ ಹತ್ತಿರ ಬಂದ ಎಷ್ಟೋ ಜನ ಅದೇ ಮಾತು ಹೇಳಿದ್ದಾರೆ. ತಿರುಗಿ ನೋಡಿದರೆ ಹಿಂದೆ ಯಾರೂ ಇರುವುದಿಲ್ಲ.

ಈಗ ನಿನ್ನ ತಲೆಬಿಸಿಗೆ ಬರುತ್ತೇನೆ. ಒಬ್ಬ ಡಾಕ್ಟರು ಶುಕ್ರವಾರವೇ ಆಪರೇಷನ್ ಮಾಡೋಣ ಅಂದರು. ಇನ್ನೊಬ್ಬರು ಬೇಡ, ಮೀನಖಂಡದವರೆಗೆ ಬಿಗಿದು ಕಟ್ಟುವ ಗಟ್ಟಿ ಬೂಟಿನಲ್ಲೇ ಕೂಡುತ್ತದೆ ಅಂದರು. ಇಬ್ಬರಲ್ಲಿ ಒಬ್ಬರು ದಾರಿ ತಪ್ಪಿಸುತ್ತಿದ್ದಾರೆ ಅಂತ ನಿನಗೆ ಅನುಮಾನ. ಹಾಗೇನಿಲ್ಲ ಪುಟ್ಟಿ. ಮೂಳೆ ಡಾಕ್ಟರುಗಳ ಮಧ್ಯೆಯೇ ಈ ವಾದ ಬಹಳ ವರ್ಷಗಳಿಂದ ನಡೆದಿದೆ.

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಆಪರೇಷನ್ ಬೇಡ ಅಂದರೆ ಪ್ಲಾಸ್ಟರ್ ಅಂತಲೇ ಅರ್ಥ. ವಾರಗಟ್ಟಲೆ ಕಾಲು ಪ್ಲಾಸ್ಟರ್ ಒಳಗೆ. ಬಿಚ್ಚಿದಾಗ ಮೀನಖಂಡ ಕರಗಿ ಕೋಲಿನಂತಾಗಿರುತ್ತಿತ್ತು, ಪಾದದ ಗಿಣ್ಣು ಮರಗಟ್ಟಿರುತ್ತಿತ್ತು. ಆಮೇಲೆ ನಮ್ಮ ಫಿಸಿಯೋಥೆರಪಿ ವಿಭಾಗಕ್ಕೆ ಕಳಿಸುತ್ತಿದ್ದರು, ಕೆಲವರು ಮತ್ತೆ ಹರಿದುಕೊಂಡು ಬರುತ್ತಿದ್ದರು. ಹಾಗಾಗಿ ವಯಸ್ಸು ಚಿಕ್ಕದು, ಓಡಾಡುವ ಜನ ಅಂದರೆ ಕತ್ತರಿ ಹಾಕಿ ಹೊಲಿಯುವುದೇ ಸರಿ ಅಂತ ಎಲ್ಲರೂ ನಂಬಿದ್ದರು. ನಾನೂ ನಂಬಿದ್ದೆ. ಆಗ ಅದು ಸರಿಯೂ ಇತ್ತು.

ಬದಲಾಗಿದ್ದು ಪ್ಲಾಸ್ಟರ್ ಹೋಗಿ ಬೂಟು ಬಂದ ಮೇಲೆ. ಹಿಮ್ಮಡಿ ಕೆಳಗೆ ಎತ್ತರದ ವೆಡ್ಜ್, ಅಂದರೆ ಇಳಿಜಾರಾದ ತುಂಡು, ಇಟ್ಟ ಬೂಟು ಹಾಕಿಸಿ, ಬೇಗ ಕಾಲಿನ ಮೇಲೆ ಭಾರ ಹಾಕಿಸಿ, ಒಂದು ಮಿತಿಯೊಳಗೆ ಪಾದ ಆಡಿಸುತ್ತಾ ಬಂದರೆ ಟೆಂಡನ್ ಚೆನ್ನಾಗಿ ಕೂಡುತ್ತದೆ ಅಂತ ಗೊತ್ತಾಯಿತು. ಕೆನಡಾದಲ್ಲಿ 144 ಜನರನ್ನು ಎರಡು ಗುಂಪು ಮಾಡಿ, ಅರ್ಧ ಜನಕ್ಕೆ ಆಪರೇಷನ್ ಮಾಡಿ, ಇನ್ನರ್ಧ ಜನಕ್ಕೆ ಮಾಡದೆ, ಎಲ್ಲರಿಗೂ ಒಂದೇ ರೀತಿಯ ಬೇಗ ಓಡಾಡಿಸುವ ಕ್ರಮ ಕೊಟ್ಟರು. 2010ರಲ್ಲಿ ಫಲಿತಾಂಶ ಬಂತು. ಆಪರೇಷನ್ ಆದವರಲ್ಲಿ ಇಬ್ಬರಿಗೆ, ಆಗದವರಲ್ಲಿ ಮೂವರಿಗೆ ಮತ್ತೆ ಹರಿದಿತ್ತು. ಇಷ್ಟೇ ವ್ಯತ್ಯಾಸ.

ಆದರೆ ಅದನ್ನೊಂದೇ ನಂಬಿ ಕೂರಬೇಡ. ಇದಕ್ಕಿಂತ ದೊಡ್ಡದು ನಾರ್ವೆಯಲ್ಲಿ ಆಯಿತು, 2022ರಲ್ಲಿ ಪ್ರಕಟವಾಯಿತು. 526 ಜನ, ಮೂರು ಗುಂಪು: ಆಪರೇಷನ್ ಇಲ್ಲದವರು, ಉದ್ದಕ್ಕೆ ಕೊಯ್ದು ಹೊಲಿಸಿಕೊಂಡವರು, ಸಣ್ಣ ಗಾಯ ಮಾಡಿ ಹೊಲಿಸಿಕೊಂಡವರು. ಒಂದು ವರ್ಷ ಆದಮೇಲೆ ನಡೆಯುವುದು, ಮೆಟ್ಟಿಲು ಹತ್ತುವುದು, ಓಡುವುದು ಇದನ್ನೆಲ್ಲ ಕೇಳಿ ಅಂಕ ಹಾಕಿದರೆ ಮೂರೂ ಗುಂಪು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿತ್ತು. ಮತ್ತೆ ಹರಿದದ್ದು ಮಾತ್ರ ಆಪರೇಷನ್ ಇಲ್ಲದವರಲ್ಲಿ ಜಾಸ್ತಿ, ನೂರಕ್ಕೆ ಆರು. ಹೊಲಿಸಿಕೊಂಡವರಲ್ಲಿ ನೂರಕ್ಕೆ ಒಂದೂ ಇಲ್ಲ. ಆದರೆ ನರಕ್ಕೆ ಪೆಟ್ಟು ಬಿದ್ದದ್ದು ಹೊಲಿಸಿಕೊಂಡವರಲ್ಲಿ ಜಾಸ್ತಿ. ಸಣ್ಣ ಗಾಯದವರಲ್ಲಿ ನೂರಕ್ಕೆ ಐದು, ಉದ್ದ ಗಾಯದವರಲ್ಲಿ ಸುಮಾರು ಮೂರು. ಸಣ್ಣ ಗಾಯ ಅಂದರೆ ಸುರಕ್ಷಿತ ಅಂತ ಅಂದುಕೊಂಡಿದ್ದೆ ಅಲ್ವಾ? ಪಾದದ ಹೊರಬದಿಗೆ ಹೋಗುವ ಒಂದು ಸಂವೇದನೆಯ ನರ ಟೆಂಡನ್ ಪಕ್ಕದಲ್ಲೇ ಹಾದುಹೋಗುತ್ತದೆ. ಸಣ್ಣ ಗಾಯದಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ, ಸೂಜಿಗೆ ಸಿಕ್ಕಿಬಿಡುತ್ತದೆ. ಪಾದದ ಅಂಚು ಜೋಮು ಹಿಡಿದ ಹಾಗೆ ಇರುತ್ತದೆ, ಕೆಲವರಿಗೆ ಉರಿ.

ಅಂದರೆ ನೀನು ನಿರ್ಧರಿಸಬೇಕಾದ್ದು ಯಾವುದು ಒಳ್ಳೆಯದು ಅಂತ ಅಲ್ಲ. ಯಾವ ಅಪಾಯವನ್ನು ಹೊರುತ್ತೀಯ ಅಂತ. ಒಂದು ಕಡೆ ಮತ್ತೆ ಹರಿಯುವ ಭಯ. ಇನ್ನೊಂದು ಕಡೆ ಗಾಯಕ್ಕೆ ಸೋಂಕು, ನರ, ಚಪ್ಪಲಿ ಉಜ್ಜುವ ಜಾಗದಲ್ಲೇ ಒಂದು ಕಲೆ. ಹಿಮ್ಮಡಿ ಹಿಂದಿನ ಚರ್ಮ ಬಹಳ ತೆಳು, ಅಲ್ಲಿ ಗಾಯ ಮಾಯದೆ ಕೂತರೆ ತುಂಬಾ ಕಾಡುತ್ತದೆ. ಸಕ್ಕರೆ ಕಾಯಿಲೆ ಇರುವವರಿಗೆ, ಸಿಗರೇಟು ಸೇದುವವರಿಗೆ ಇದು ಇನ್ನೂ ಕಷ್ಟ. ಬಸುರಿಯಾಗಿದ್ದಾಗ ನಿನಗೆ ಸಕ್ಕರೆ ಏರಿತ್ತು, ಆಮೇಲೆ ಪರೀಕ್ಷೆ ಮಾಡಿಸಿದ್ದೀಯಾ? ಇಲ್ಲದಿದ್ದರೆ ಈ ವಾರವೇ ಮಾಡಿಸು.

ಅಳಿಯಂದಿರು ಆಟಗಾರರ ಉದಾಹರಣೆ ಕೊಟ್ಟರು. ಅವರೆಲ್ಲ ಆಪರೇಷನ್ನೇ ಮಾಡಿಸಿಕೊಳ್ಳುತ್ತಾರೆ ಅಂತ. ನಿಜ. ಫುಟ್‌ಬಾಲಿನ ಡೇವಿಡ್ ಬೆಕಮ್‌ಗೆ 2010ರ ಮಾರ್ಚಿನಲ್ಲಿ ಹರಿಯಿತು, ತಕ್ಷಣ ಫಿನ್‌ಲೆಂಡಿಗೆ ಹೋಗಿ ಹೊಲಿಸಿಕೊಂಡ, ಆದರೂ ಆ ವರ್ಷದ ವಿಶ್ವಕಪ್ ತಪ್ಪಿತು. ಬ್ಯಾಸ್ಕೆಟ್‌ಬಾಲಿನ ಕೆವಿನ್ ಡ್ಯುರಾಂಟ್‌ಗೆ 2019ರ ಜೂನಿನಲ್ಲಿ ಹರಿದು, ಮುಂದಿನ ಸೀಸನ್ ಪೂರ್ತಿ ಆಡಲಿಲ್ಲ. ಲೋಕದ ಒಳ್ಳೊಳ್ಳೆ ಡಾಕ್ಟರು, ದಿನವಿಡೀ ಜೊತೆಗಿರುವ ಫಿಸಿಯೋ, ಇವೆಲ್ಲ ಇದ್ದವರ ಕಥೆ ಇದು. ಹೊಲಿದರೆ ಬೇಗ ವಾಸಿ ಅನ್ನುವುದನ್ನು ಮೊದಲು ತಲೆಯಿಂದ ತೆಗೆದುಹಾಕು. ಎರಡು ದಾರಿಯಲ್ಲೂ ಬೂಟು ಇದೆ, ಎರಡರಲ್ಲೂ ಅದನ್ನು ಸುಮಾರು ಎರಡು ತಿಂಗಳು ಹಾಕಿಕೊಳ್ಳಬೇಕು, ಎರಡರಲ್ಲೂ ಬ್ಯಾಡ್ಮಿಂಟನ್ ಅಂಕಣಕ್ಕೆ ಇಳಿಯಲು ಒಂಬತ್ತು ತಿಂಗಳಿಂದ ಒಂದು ವರ್ಷ ಬೇಕು.

ಹರಿದ ಟೆಂಡನ್ ತುದಿ ಹೇಗಿರುತ್ತದೆ ಗೊತ್ತಾ? ಬಾವಿಯ ಹಗ್ಗ ಹಳತಾಗಿ ತುಂಡಾದರೆ ನಾರು ನಾರಾಗಿ ಬಿಚ್ಚಿಕೊಳ್ಳುತ್ತದಲ್ಲ, ಹಾಗೆ. ಹೊಲಿಗೆ ಹಾಕಿದರೂ ಆ ನಾರುಗಳು ದಾರದಿಂದ ಕೂಡುವುದಿಲ್ಲ. ದಾರ ಅವನ್ನು ಹತ್ತಿರ ಹಿಡಿದಿಡುತ್ತದೆ ಅಷ್ಟೇ. ಕೂಡಿಸುವುದು ದೇಹ. ನಿನ್ನ ಸ್ಕ್ಯಾನಿನಲ್ಲಿ ಪಾದ ಬಾಗಿಸಿದರೆ ಸಾಕು, ತುದಿಗಳು ತಾವೇ ಹತ್ತಿರ ಬರುತ್ತಿವೆ. ದಾರ ಮಾಡುವ ಕೆಲಸವನ್ನು ಬೂಟೂ ಮಾಡಬಲ್ಲದು ಅಂತ ನನಗೆ ಅನ್ನಿಸುವುದು ಅದಕ್ಕೇ. ತುದಿಗಳ ಮಧ್ಯೆ ಅಂತರ ಉಳಿದಿದ್ದರೆ, ಅಥವಾ ನೀನು ಒಂದು ತಿಂಗಳು ಸುಮ್ಮನಿದ್ದು ಈಗ ತೋರಿಸಿದ್ದರೆ, ಆಪರೇಷನ್ ಮಾಡಿಸಿಕೋ ಅಂತ ನಾನೇ ಹೇಳುತ್ತಿದ್ದೆ.

ಹಾಗಂತ ಬೂಟು ಸುಲಭದ ದಾರಿ ಅಂತ ತಿಳಿಯಬೇಡ. ಮತ್ತೆ ಹರಿಯುವುದು ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲಿ. ಅದೂ ಎಷ್ಟೋ ಸಲ ಮೈದಾನದಲ್ಲಿ ಅಲ್ಲ, ಮನೆಯಲ್ಲಿ. ನಮ್ಮ ಮನೆಗಳಲ್ಲಿ ಒಳಗೆ ಚಪ್ಪಲಿ ಹಾಕುವ ಅಭ್ಯಾಸವೇ ಇಲ್ಲ. ದೇವರ ಕೋಣೆ, ಅಡುಗೆಮನೆ ಅಂತ ಬೂಟು ಬಿಚ್ಚಿಟ್ಟು ಎರಡು ಹೆಜ್ಜೆ ಇಟ್ಟರೆ ಮುಗಿಯಿತು. ಸ್ನಾನದ ಮನೆಯ ಒದ್ದೆ ನೆಲದಲ್ಲಿ ಒಂದು ಸಲ ಕಾಲು ಜಾರಿದರೆ ಸಾಕು. ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಕಾಲಿಗೆ ಕವರ್ ಕಟ್ಟಿ, ಕೂತೇ ಸ್ನಾನ ಮಾಡು. ಕುಕ್ಕರಗಾಲಲ್ಲಿ ಕೂರುವ ಟಾಯ್ಲೆಟ್ ಬೇಡವೇ ಬೇಡ. ಅದರಲ್ಲಿ ಪಾದ ಪೂರ್ತಿ ಮೇಲಕ್ಕೆ ಬಾಗುತ್ತದೆ, ಎಳೆಯ ಟೆಂಡನ್‌ಗೆ ಅದೇ ಶತ್ರು. ರಾತ್ರಿ ಮಲಗುವಾಗಲೂ ಬೂಟು ಹಾಕಿಕೊಂಡೇ ಇರು. ದೇವರು ಬೂಟು ನೋಡಿ ಕೋಪಿಸಿಕೊಳ್ಳುವುದಿಲ್ಲ. ನಿಮ್ಮತ್ತೆಗೆ ನಾನು ಹೇಳುತ್ತೇನೆ.

ಬಲಗಾಲಿಗೆ ದಪ್ಪ ಅಟ್ಟೆಯ ಶೂ ಹಾಕು, ಬೂಟಿನಷ್ಟೇ ಎತ್ತರದ್ದು. ಇಲ್ಲದಿದ್ದರೆ ವಾರದೊಳಗೆ ಸೊಂಟನೋವು ಶುರು. ನಿಮ್ಮದು ಗೇರಿನ ಕಾರು, ಎಡಗಾಲಲ್ಲಿ ಕ್ಲಚ್ ಒತ್ತಬೇಕು, ಹಾಗಾಗಿ ಡ್ರೈವಿಂಗ್ ಇಲ್ಲ. ಸ್ಕೂಟರ್ ಕೇಳಲೇಬೇಡ.

ಇನ್ಶೂರೆನ್ಸ್ ವಿಷಯ ನೇರವಾಗಿ ಹೇಳಿಬಿಡುತ್ತೇನೆ. ಆಸ್ಪತ್ರೆಗೆ ಸೇರಿ ಆಪರೇಷನ್ ಆದರೆ ಕ್ಯಾಶ್‌ಲೆಸ್ ಆಗುತ್ತದೆ. ಬೂಟು, ಫಿಸಿಯೋ, ತಿಂಗಳ ತಿಂಗಳ ಸ್ಕ್ಯಾನ್ ಇದಕ್ಕೆಲ್ಲ ಅಡ್ಮಿಟ್ ಆಗದಿದ್ದರೆ ಸಾಮಾನ್ಯವಾಗಿ ಜೇಬಿನಿಂದಲೇ ಹೋಗುತ್ತದೆ. ಕತ್ತರಿ ಹಾಕಿಸಿಕೊಂಡರೆ ಕೈಯಿಂದ ಖರ್ಚು ಕಡಿಮೆ, ಹಾಕಿಸಿಕೊಳ್ಳದಿದ್ದರೆ ಜಾಸ್ತಿ! ನನಗೆ ಇದು ಬೇಸರ ತರುವ ವ್ಯವಸ್ಥೆ. ಎಷ್ಟೋ ಜನ ಇದಕ್ಕೇ ಆಪರೇಷನ್ ಕಡೆ ವಾಲುತ್ತಾರೆ. ನೀನು ಹಾಗೆ ಮಾಡಬೇಡ. ಬೂಟಿನ ದುಡ್ಡು ನಾನು ಮತ್ತು ನಿಮ್ಮಪ್ಪ ಕೊಡುತ್ತೇವೆ, ಈ ಬಗ್ಗೆ ವಾದ ಬೇಡ.

ಬೂಟಿನ ದಾರಿ ಹಿಡಿಯುವ ಮೊದಲು ಆ ಎರಡನೇ ಡಾಕ್ಟರನ್ನು ಗಟ್ಟಿಯಾಗಿ ಕೇಳು. ವೆಡ್ಜ್ ಯಾವಾಗ ಯಾವಾಗ ತೆಗೆಯುತ್ತೀರಿ? ಭಾರ ಹಾಕುವುದು ಎಂದಿನಿಂದ? ಫಿಸಿಯೋ ಯಾರು, ಅವರು ಇಂಥ ಕಾಲು ಮೊದಲು ನೋಡಿದ್ದಾರಾ? ಅವರು ಬರೆದಿಟ್ಟ ಒಂದು ಕ್ರಮ ತೋರಿಸಬೇಕು. ಪ್ಲಾಸ್ಟರ್ ಹಾಕಿ ಎರಡು ತಿಂಗಳು ಬಿಟ್ಟು ಬನ್ನಿ ಅಂದರೆ, ನಾನು ಮೇಲೆ ಹೇಳಿದ್ದೆಲ್ಲ ಮರೆತುಬಿಡು, ಶುಕ್ರವಾರ ಆಪರೇಷನ್ ಮಾಡಿಸಿಕೋ. ಆ ಅಧ್ಯಯನಗಳಲ್ಲಿ ಗೆದ್ದದ್ದು ಸುಮ್ನೆ ಬಿಟ್ಟ ಕಾಲಲ್ಲ. ದಿನಾ ನೋಡಿಕೊಂಡ ಕಾಲು.

ಫಿಸಿಯೋ ಶುರುವಾದ ಮೇಲೆ ಒಂದು ಮಾತು ನೆನಪಿಡು. ಮೀನಖಂಡ ಬಿಗಿಯಾಗಿದೆ ಅಂತ ಯಾರಾದರೂ ಪಾದವನ್ನು ಮೇಲಕ್ಕೆ ಎಳೆಯಲು ಬಂದರೆ ಬೇಡ ಅನ್ನು. ಟೆಂಡನ್ ಉದ್ದವಾಗಿ ಕೂಡಿದರೆ ನೋವೇನೂ ಇರುವುದಿಲ್ಲ, ಆದರೆ ಹೆಜ್ಜೆ ಒತ್ತುವ ಶಕ್ತಿ ಹೋಗುತ್ತದೆ, ಒಂಟಿ ಕಾಲಲ್ಲಿ ಹಿಮ್ಮಡಿ ಎತ್ತಲು ಆಗುವುದಿಲ್ಲ. ಅದನ್ನು ಆಮೇಲೆ ಸರಿಮಾಡುವುದು ಬಹಳ ಕಷ್ಟ. ಬಿಗಿ ಇರಲಿ, ನಿಧಾನವಾಗಿ ತಾನೇ ಬಿಡುತ್ತದೆ. ನಿಮ್ಮ ದೊಡ್ಡಮ್ಮ ಎಣ್ಣೆ ಕಾಯಿಸಿ ತಿಕ್ಕಿಸಿಕೋ, ನಾಟಿ ಕಟ್ಟು ಹಾಕಿಸು ಅಂತ ಫೋನ್ ಮಾಡಿರುತ್ತಾರೆ. ಅವರ ಪ್ರೀತಿಗೆ ಹೂಂ ಅನ್ನು, ಕಾಲು ಮಾತ್ರ ಕೊಡಬೇಡ.

ಆಡದೆ ಕೂತ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. ಇದು ಎರಡು ದಾರಿಯಲ್ಲೂ ಇರುವ ಅಪಾಯ. ಮೀನಖಂಡ ಇದ್ದಕ್ಕಿದ್ದ ಹಾಗೆ ಊದಿ ಬಿಗಿದು ನೋಯುತ್ತಿದ್ದರೆ, ಉಸಿರು ಸಿಕ್ಕಿಕೊಂಡ ಹಾಗಾದರೆ, ಬೆಳಗಾಗಲಿ ಅಂತ ಕಾಯಬೇಡ, ಆಗಲೇ ಆಸ್ಪತ್ರೆಗೆ ಹೋಗು. ಗರ್ಭನಿರೋಧಕ ಮಾತ್ರೆ ತಗೋತಿದ್ದರೆ ಡಾಕ್ಟರಿಗೆ ಹೇಳು, ಹೆಪ್ಪುಗಟ್ಟುವ ಸಾಧ್ಯತೆ ಅದರಿಂದ ಹೆಚ್ಚುತ್ತದೆ. ನನಗೆ ಹೇಳಬೇಕಾಗಿಲ್ಲ. ಇನ್ನೊಂದು, ಈಚೆಗೆ ಮೂತ್ರದ ಸೋಂಕಿಗೆ ಸಿಪ್ರೊಫ್ಲಾಕ್ಸಾಸಿನ್ ಜಾತಿಯ ಮಾತ್ರೆ ತಗೊಂಡಿದ್ದೆಯಾ? ಆ ಜಾತಿಯ ಆಂಟಿಬಯಾಟಿಕ್‌ನಿಂದ ಟೆಂಡನ್ ದುರ್ಬಲ ಆಗುವುದುಂಟು. ತಗೊಂಡಿದ್ದರೆ ಅದನ್ನೂ ಹೇಳು, ಮುಂದೆ ಯಾರಾದರೂ ಅದನ್ನೇ ಬರೆದುಕೊಟ್ಟರೂ ಹೇಳು.

ನನ್ನ ಒಲವು ಯಾವ ಕಡೆ ಅಂತ ನಿನಗೆ ಗೊತ್ತಾಗಿರುತ್ತದೆ. ಆದರೆ ಕಾಲು ನಿನ್ನದು. ಮತ್ತೆ ಹರಿದರೆ ಅನ್ನುವ ಚಿಂತೆಯಲ್ಲೇ ನಿನಗೆ ನಿದ್ದೆ ಬರುವುದಿಲ್ಲ ಅಂತಾದರೆ ಹೊಲಿಸಿಕೋ, ಅದೂ ತಪ್ಪಲ್ಲ. ನನಗೆ ಬೇಜಾರಿಲ್ಲ. ಇಬ್ಬರು ಡಾಕ್ಟರುಗಳ ಜೊತೆಗೂ ಗುರುವಾರದೊಳಗೆ ಮಾತಾಡಿ ಮುಗಿಸು.

ಶುಕ್ರವಾರ ರಾತ್ರಿ ರೈಲಿಗೆ ನಾನು ಹೊರಡುತ್ತೇನೆ, ನೀನು ಏನೇ ತೀರ್ಮಾನ ಮಾಡಿದ್ದರೂ. ಮಗುವನ್ನು ಸ್ಕೂಲಿಗೆ ಬಿಡುವುದು, ಅಡುಗೆ, ಎಲ್ಲ ನನಗಿರಲಿ. ಬರುವುದರೊಳಗೆ ನಡುಮನೆಯ ನೆಲಹಾಸು ಸುತ್ತಿಡಲು ಹೇಳು, ಬೂಟು ಅದಕ್ಕೆ ಎಡವುತ್ತದೆ.

ನಿನ್ನ
ಅಮ್ಮ