ಜೋಳಿಗೆ ಹಿಡಿದ ವರ್ಷ

ಕಳೆದ ಯುಗಾದಿ ಊಟ ಮುಗಿದು ಪಾತ್ರೆ ತೊಳೆಯುತ್ತಿದ್ದೆ. ಇಲ್ಲಿ ಅಮೆರಿಕದ ನಮ್ಮ ಕನ್ನಡ ಶಾಲೆಯಲ್ಲೇ ಅಕ್ಷರ ಕಲಿತ ಹುಡುಗಿಯೊಬ್ಬಳು ಪಕ್ಕದಲ್ಲಿ ನಿಂತು ತಟ್ಟೆ ಒರೆಸುತ್ತಾ ಒಂದು ವಿಷಯ ತೆಗೆದಳು. ಅವಳ ಕಾಲೇಜು ಈ ವರ್ಷ ಮುಗಿಯುತ್ತದೆ. ಅವಳ ಕ್ಯಾಥೊಲಿಕ್ ಗೆಳತಿ ಕೆಲಸಕ್ಕೆ ಸೇರುವ ಮೊದಲು ಒಂದು ವರ್ಷ ಜೆಸ್ವಿಟ್ ಎಂಬ ಕ್ಯಾಥೊಲಿಕ್ ಸನ್ಯಾಸಿ ಸಂಘದ ಸ್ವಯಂಸೇವಕಿಯಾಗಿ ಹೊರಟಿದ್ದಾಳಂತೆ. ಗೊತ್ತಿಲ್ಲದ ಊರು, ನಾಲ್ಕಾರು ಜನ ಒಂದೇ ಮನೆಯಲ್ಲಿ ವಾಸ, ಕೈಖರ್ಚಿಗೆ ಅಷ್ಟಿಷ್ಟು ದುಡ್ಡು. ಹಗಲೆಲ್ಲ ಶಾಲೆಯಲ್ಲೋ ಮನೆಯಿಲ್ಲದವರ ತಂಗುದಾಣದಲ್ಲೋ ಕೆಲಸ, ರಾತ್ರಿ ಕೂಡಿ ಅಡುಗೆ, ಕೂಡಿ ಪ್ರಾರ್ಥನೆ. 1956ರಲ್ಲಿ ಅಲಾಸ್ಕದ ಒಂದು ಶಾಲೆಯಲ್ಲಿ ಶುರುವಾದ ಪದ್ಧತಿ ಅದು. "ಅಂಕಲ್, ನಮ್ಮಲ್ಲಿ ಈ ಥರ ಇಲ್ವಾ?" ಅಂದಳು.

ಇದೆ ಅಂದೆ. ನಾನೇ ಅಂಥದೊಂದು ವರ್ಷ ಇದ್ದು ಬಂದಿದ್ದೇನೆ, ಕೊಪ್ಪಳದಲ್ಲಿ. ಸಿಂಕಿನ ಮುಂದೆ ನಿಂತು ಅವಳಿಗೆ ಅರ್ಧ ಮಾತ್ರ ಹೇಳಲಾಯಿತು. ಉಳಿದದ್ದನ್ನು ಈ ಸಂಚಿಕೆಯಲ್ಲಿ ಬರೆಯುತ್ತಿದ್ದೇನೆ.

2023ರ ಜೂನ್. ಕಂಪನಿಯಿಂದ ಸಂಬಳವಿಲ್ಲದ ರಜೆ ಪಡೆದು ಭಾರತಕ್ಕೆ ಹೋದೆ. ಬೆಂಗಳೂರಿನಲ್ಲಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದವನು ಬೆಳಗಾಗುವಾಗ ಹೊಸಪೇಟೆ ದಾಟಿ, ಮುನಿರಾಬಾದಿನ ಹತ್ತಿರ ಹೊಳೆಯ ಮೇಲಿದ್ದೆ. ನಾನು ತೀರ್ಥಹಳ್ಳಿ ಕಡೆಯವನು. ಚಿಕ್ಕಂದಿನಲ್ಲಿ ಈಜು ಕಲಿತ ತುಂಗೆಯೇ ಭದ್ರೆಯನ್ನು ಕೂಡಿಕೊಂಡು ಇಲ್ಲಿ ಹರಿಯುವುದು. ಆದರೆ ಆ ಬೆಳಿಗ್ಗೆ ಕಿಟಕಿಯಾಚೆ ಕಂಡದ್ದು ನೀರಿಗಿಂತ ಹೆಚ್ಚು ಬಂಡೆ. ಆ ವರ್ಷ ಮಳೆ ಕೈಕೊಟ್ಟಿತು. ಜಲಾಶಯ ತುಂಬಲಿಲ್ಲ, ಎರಡನೇ ಬೆಳೆಗೆ ಕಾಲುವೆಗೆ ನೀರು ಬಿಡಲಿಲ್ಲ. ಯಲಬುರ್ಗಾ, ಕುಷ್ಟಗಿ ಕಡೆಯ ಒಣ ಹೊಲದವರು ಗುಳೆ ಹೊರಟರು. ಅಪ್ಪ ಅವ್ವ ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಗೋವಾ, ಮಂಗಳೂರಿಗೋ ಹೋದರೆ ಮಕ್ಕಳು ಎಲ್ಲಿರಬೇಕು? ಅಂಥ ಎಂಬತ್ತು ಹುಡುಗರಿಗೆ ಅನ್ನ ಹಾಕುತ್ತಿದ್ದ ಒಂದು ಸಣ್ಣ ಮಠದ ಪ್ರಸಾದ ನಿಲಯಕ್ಕೆ ನಾನು ಸೇವೆಗೆ ಸೇರಿದ್ದು.

ನನಗೆ ಕೊಟ್ಟದ್ದು ಒಂದು ಚಾಪೆ, ಕಂಬಳಿ, ಗೋಡೆಗೆ ಹೊಡೆದ ಮೂರು ಮೊಳೆ. ಅದೇ ಕೋಣೆಯಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಮತ್ತು ಕಾಲೇಜು ಓದುತ್ತಾ ಲೆಕ್ಕ ನೋಡಿಕೊಳ್ಳುತ್ತಿದ್ದ ಹುಡುಗನೊಬ್ಬ. ಮಠದ ಸ್ವಾಮಿಗಳನ್ನು ಅಲ್ಲಿ ಎಲ್ಲರೂ ಅಜ್ಜಾರು ಅನ್ನುತ್ತಾರೆ, ನಾನೂ ಅದನ್ನೇ ರೂಢಿ ಮಾಡಿಕೊಂಡೆ. ಮೊದಲ ದಿನ ನನ್ನ ಕೆಲಸ ಏನೆಂದು ಕೇಳಿದ್ದಕ್ಕೆ ಅಜ್ಜಾರು, "ಮೊದ್ಲ ಉಣ್ರಿ. ಕೆಲಸ ತಾನ ನಿಮ್ಮನ್ನ ಹುಡುಕ್ಕೊಂಡು ಬರತೈತಿ" ಅಂದರು.

ಬೆಳಗಿನ ಐದಕ್ಕೆ ಅದು ಬಂತು. ರೊಟ್ಟಿ! ಅಡುಗೆ ಮನೆಯಲ್ಲಿ ಮೂವರು ಅವ್ವಂದಿರು ಒಲೆ ಹೊತ್ತಿಸಿ ಕೂತಿರುತ್ತಿದ್ದರು. ಜೋಳದ ಹಿಟ್ಟಿಗೆ ಗೋದಿಯ ಜಿಗಿ ಇಲ್ಲ. ಕುದಿಯುವ ಎಸರು ಹೊಯ್ದು, ಕೈ ಸುಡುವ ಹೊತ್ತಿಗೇ ನಾದಿದರೆ ಮಾತ್ರ ಅದು ಕೂಡಿಕೊಳ್ಳುತ್ತದೆ. ಆರಿದರೆ ಬಡಿಯುವಾಗ ಅಂಚು ಒಡೆಯುತ್ತದೆ. ನನಗೆ ನಾದುವುದು, ಹಂಚಿನ ಮೇಲೆ ಬಿದ್ದ ರೊಟ್ಟಿಯ ಬೆನ್ನಿಗೆ ಒದ್ದೆ ಬಟ್ಟೆಯಿಂದ ನೀರು ಸವರುವುದು, ಇಷ್ಟನ್ನೇ ಬಿಟ್ಟುಕೊಟ್ಟರು. ಬಡಿಯಲು ಅವಕಾಶ ಸಿಕ್ಕಿದ್ದು ದಸರೆಯ ಹೊತ್ತಿಗೆ. ಕೊಮ್ಮರಗಿಯೆಂಬ ಮರದ ಅಗಲ ತಟ್ಟೆಯಲ್ಲಿ ಎರಡೂ ಅಂಗೈ ಊರಿ ನಾದುವಾಗ ಹೆಗಲಿನಿಂದ ಸೊಂಟದವರೆಗೆ ಮೈ ದುಡಿಯುತ್ತದೆ. ಇಪ್ಪತ್ತೈದು ವರ್ಷ ಕೀಬೋರ್ಡ್ ಒತ್ತಿದ ಬೆರಳಿಗೆ ಆ ಬಿಸಿ ಹೊಸದು. ಏಳಕ್ಕೆ ಹುಡುಗರು ತಾಟು ಹಿಡಿದು ಸಾಲಾಗಿ ಕೂರುತ್ತಿದ್ದರು. ರೊಟ್ಟಿ, ಪುಂಡಿ ಪಲ್ಯ, ಗುರೆಳ್ಳು ಚಟ್ನಿ. ಊಟಕ್ಕೆ ಮೊದಲು ಒಂದು ವಚನ ಹೇಳುವುದು ಅಲ್ಲಿಯ ನೇಮ. ಅದನ್ನು ಹೇಳುವಾಗ ಸಣ್ಣವರ ಕಣ್ಣು ತಾಟಿನ ಮೇಲೇ ಇರುತ್ತಿತ್ತು.

ಹಗಲು ಹೇಗೆ ಹೋಗುತ್ತಿತ್ತೋ. ನಳ ಬಂದ ದಿನ ತೊಟ್ಟಿ ತುಂಬಬೇಕು. ಜ್ವರ ಬಂದವನನ್ನು ದವಾಖಾನೆಗೆ ಕರೆದೊಯ್ಯಬೇಕು. ಸಂಜೆ ಗಣಿತ, ಇಂಗ್ಲಿಷ್. ರಾತ್ರಿ ಒಂಬತ್ತಕ್ಕೆ ಸಾಲು ಫೋನು: ಗುಳೆ ಹೋದ ಅಪ್ಪ ಅವ್ವ ಕರೆ ಮಾಡುವ ಹೊತ್ತು. ನಿಲಯಕ್ಕೆ ಇದ್ದದ್ದು ಎರಡೇ ಮೊಬೈಲು, ನನ್ನದು ಸೇರಿ ಮೂರಾಯಿತು. ಆರನೇ ತರಗತಿಯ ಒಬ್ಬ ಪ್ರತಿ ರಾತ್ರಿ ಅವ್ವನಿಗೆ ಅವತ್ತು ಏನು ಪಲ್ಯ ಎಂಬುದನ್ನು ಮಾತ್ರ ಹೇಳಿ ಫೋನು ಇಡುತ್ತಿದ್ದ. ಅಷ್ಟಕ್ಕಾಗಿ ಅರ್ಧ ಗಂಟೆ ಸಾಲಿನಲ್ಲಿ ನಿಂತಿರುತ್ತಿದ್ದ.

ನಾನು ಮಾಡಿದ ಒಂದು ದೊಡ್ಡ ತಪ್ಪನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ನಮ್ಮಲ್ಲಿ ಇನ್ನೊಬ್ಬರು ಅದನ್ನೇ ಮಾಡಬಾರದು. ಹೋದ ಎರಡೇ ತಿಂಗಳಿಗೆ ನನಗೆ ಕಂಪ್ಯೂಟರ್ ಕೋಣೆಯ ಯೋಜನೆ ಹೊಳೆಯಿತು. ಇಲ್ಲಿನ ಗೆಳೆಯರಿಗೆ ಬರೆದೆ, ವಾರದಲ್ಲಿ ಹಣ ಕೂಡಿತು. ಅಜ್ಜಾರನ್ನು ಕೇಳಿರಲಿಲ್ಲ. ಹುಡುಗರಿಗೆ ಮಾತ್ರ ಹೇಳಿಬಿಟ್ಟಿದ್ದೆ. ಹಣ ಕೊಟ್ಟವರಲ್ಲಿ ಹೆಚ್ಚಿನವರು ಅಮೆರಿಕದ ಪೌರರು. ಭಾರತದ ಕಾನೂನಿನಲ್ಲಿ ಅವರ ಕೊಡುಗೆ, ಓಸಿಐ (ಸಾಗರೋತ್ತರ ಭಾರತೀಯ ಪೌರ) ಕಾರ್ಡ್ ಇದ್ದರೂ, ವಿದೇಶಿ ದೇಣಿಗೆಯೇ. ಅದನ್ನು ಪಡೆಯಲು ಸಂಸ್ಥೆಗೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಯ ನೋಂದಣಿ ಬೇಕು, 2020ರ ತಿದ್ದುಪಡಿಯ ನಂತರ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯಲ್ಲಿ ಅದಕ್ಕೆಂದೇ ಖಾತೆಯೂ ಬೇಕು. ಆ ಸಣ್ಣ ನಿಲಯಕ್ಕೆ ಎರಡೂ ಇರಲಿಲ್ಲ. ಹಣವೆಲ್ಲ ಹಿಂದಿರುಗಿತು. ಅಜ್ಜಾರು ಬೈಯಲಿಲ್ಲ. ಹುಡುಗರು ಮಾತ್ರ ಎರಡು ತಿಂಗಳು "ಸರ, ಕಂಪ್ಯೂಟರ್ ಯಾವಾಗ ಬರತಾವ್ರಿ?" ಅಂತ ಕೇಳುತ್ತಲೇ ಇದ್ದರು. ಆ ಪ್ರಶ್ನೆ ಈಗಲೂ ನನಗೆ ನೋವು ಕೊಡುತ್ತದೆ.

ಆ ದಿನಗಳಲ್ಲಿ ಸಂಜೆ ಕೊಪ್ಪಳದ ಗವಿಮಠದ ಬೆಟ್ಟ ಹತ್ತಿ ಕೂರುತ್ತಿದ್ದೆ. ಅಲ್ಲೊಂದು ಬಂಡೆಯ ಮೇಲೆ ಅಶೋಕನ ಶಾಸನ ಇದೆ, ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಅದೇ ಊರಿನ ಪಾಲ್ಕಿಗುಂಡಿನಲ್ಲಿ ಇನ್ನೊಂದಿದೆ. ರಾಯಚೂರು ಜಿಲ್ಲೆಯ ಮಸ್ಕಿಯದು 1915ರಲ್ಲಿ ಸಿಕ್ಕಿ, ಅಶೋಕನ ಹೆಸರನ್ನೇ ಹೊತ್ತದ್ದರಿಂದ ಪ್ರಸಿದ್ಧವಾಯಿತು. ಗವಿಮಠದ ಶಾಸನದ ಅರ್ಥವನ್ನು ಕೋಣೆಯ ಮೇಷ್ಟ್ರು ಬಿಡಿಸಿ ಹೇಳಿದಾಗ ನಾನು ಸುಮ್ಮನಾಗಿಬಿಟ್ಟೆ. ಚಕ್ರವರ್ತಿ ಹೇಳಿಕೊಳ್ಳುತ್ತಾನೆ: ತಾನು ಉಪಾಸಕನಾಗಿ ಎರಡೂವರೆ ವರ್ಷ ದಾಟಿತು, ಮೊದಮೊದಲು ಪ್ರಯತ್ನ ಸಾಲದಾಯಿತು, ಸಂಘದ ಹತ್ತಿರ ಬಂದ ಮೇಲೆ ಒಂದು ವರ್ಷಕ್ಕೂ ಮಿಗಿಲಾಗಿ ಮನಸ್ಸಿಟ್ಟು ದುಡಿದೆ. ದೊಡ್ಡವರಿಗಷ್ಟೇ ಸಿಗುವುದಲ್ಲ ಇದರ ಫಲ, ಸಣ್ಣವನೂ ಪ್ರಯತ್ನಪಟ್ಟರೆ ಪಡೆದಾನು ಎಂಬುದು ಮುಂದಿನ ಮಾತು. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ಅರಸನೊಬ್ಬ ತನ್ನ ಕೊರತೆಯನ್ನು ಕಲ್ಲಿನಲ್ಲಿ ಕೊರೆಸಿ ಊರೂರಿಗೆ ಓದಿಸಿದ್ದಾನೆ. ಮರುದಿನ ನಾನೂ ಹುಡುಗರನ್ನು ಕೂರಿಸಿಕೊಂಡು ಕಂಪ್ಯೂಟರ್ ಬರುವುದಿಲ್ಲ, ತಪ್ಪು ನನ್ನದು ಎಂದು ಹೇಳಿದೆ.

ಆಮೇಲೆ ನನಗೆ ಒಲಿದ ಕೆಲಸ ಅರ್ಜಿ ತುಂಬುವುದು. 2013ರಲ್ಲಿ ಜಾರಿಗೆ ಬಂದ ಸಂವಿಧಾನದ 371ಜೆ ವಿಧಿಯ ಪ್ರಕಾರ ಈ ಕಲ್ಯಾಣ ಕರ್ನಾಟಕ ಭಾಗದ ಮಕ್ಕಳಿಗೆ ಇಲ್ಲಿನ ಕಾಲೇಜುಗಳಲ್ಲಿ ಶೇ 70, ರಾಜ್ಯದ ಉಳಿದೆಡೆ ಶೇ 8 ಸೀಟು ಮೀಸಲು. ಆದರೆ ಆ ಪ್ರಮಾಣಪತ್ರ ಕೈಗೆ ಬಂದರೆ ತಾನೇ? ಅಪ್ಪನ ಸಹಿ ಬೇಕು, ಅಪ್ಪ ಗೋವಾದಲ್ಲಿ. ಅವ್ವನ ಆಧಾರ್‌ನಲ್ಲಿ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಇನ್ನೊಂದು. ಒಂದು ಕಚೇರಿಯಲ್ಲಿ ಮೂರು ಸಲ "ಸರ್ವರ್ ಇಲ್ರಿ, ನಾಳಿ ಬರ್ರಿ" ಅನ್ನಿಸಿಕೊಂಡು ನಾನು ರೇಗಿ ಬಂದೆ. ನಾಲ್ಕನೇ ಸಲ ಮೇಷ್ಟ್ರು ಬುತ್ತಿ ಕಟ್ಟಿಕೊಂಡು ಹುಡುಗನ ಜೊತೆ ಹೋದರು. ಬೆಳಿಗ್ಗೆ ಹತ್ತರಿಂದ ಸಂಜೆ ಐದರ ತನಕ ಅಲ್ಲೇ ಬೆಂಚಿನ ಮೇಲೆ ಕೂತರು, ಮಧ್ಯಾಹ್ನ ಅಲ್ಲಿದ್ದವರಿಗೂ ರೊಟ್ಟಿ ಕೊಟ್ಟು ಉಂಡರು, ಪತ್ರ ಹಿಡಿದೇ ಬಂದರು.

ಫೆಬ್ರವರಿ ಕೊನೆಗೆ ಹಿಂಗಾರಿ ಜೋಳದ ರಾಶಿ. ಅಜ್ಜಾರು ಜೋಳಿಗೆ ಹಿಡಿದು ಹಳ್ಳಿಗೆ ಹೊರಟರು, ನಾನು ಚೀಲ ಹೊರಲು ಹಿಂದೆ. ಬರದ ವರ್ಷ, ರಾಶಿಯೆಂದರೆ ಹೆಸರಿಗಷ್ಟೇ. ಒಂದು ಮನೆ ನೆನಪಿನಿಂದ ಹೋಗುವುದಿಲ್ಲ. ತಗಡಿನ ಬಾಗಿಲು, ಒಳಗೆ ಮುದುಕಿಯೊಬ್ಬಳೇ. ಮಗ ಸೊಸೆ ಗುಳೆ ಹೋಗಿದ್ದರು. ಮಡಿಕೆಯಲ್ಲಿ ಕೈ ಆಡಿಸಿದ ಸದ್ದು ಹೊರಗೆ ಕೇಳಿಸಿತು, ತಳಕ್ಕೆ ಕೈ ತಾಗುವ ಸದ್ದು. ಅರ್ಧ ಸೇರು ಜೋಳ ಮೊರದಲ್ಲಿ ತಂದಳು, ತರುತ್ತಲೇ ಕಲ್ಲು ಆರಿಸಿ ಎಸೆಯುತ್ತಿದ್ದಳು. ನನಗೆ ತಡೆಯಲಾಗಲಿಲ್ಲ, ಬೇಡ ಅಜ್ಜಿ, ನಿಮಗೇ ಇರಲಿ ಅಂದೆ. ಅವಳ ಮುಖ ಸಣ್ಣದಾಯಿತು. ಅಜ್ಜಾರು ನನ್ನ ಕಡೆ ನೋಡದೆ ಜೋಳಿಗೆಯ ಬಾಯಿ ಅಗಲಿಸಿ ಅವಳ ಮುಂದೆ ಬಗ್ಗಿ ಹಿಡಿದರು. ಕೊನೆಯ ಕಾಳು ಬೀಳುವ ತನಕ ಬಗ್ಗಿಯೇ ಇದ್ದರು. ದಾರಿಯಲ್ಲಿ ಇಷ್ಟೇ ಹೇಳಿದ್ದು: "ಆಕಿ ಮೊಮ್ಮಗ ನಮ್ಮಲ್ಲೇ ಉಣ್ಣಾಕತ್ಯಾನ್ರಿ. ಬ್ಯಾಡ ಅಂದ್ರ ಆಕಿ ಹೆಂಗ ಉಣಿಸಬೇಕು?"

ಆ ಮೊಮ್ಮಗ ಯಾರೆಂದು ಆಮೇಲೆ ಗೊತ್ತಾಯಿತು. ಪಲ್ಯದ ಹೆಸರು ಹೇಳಿ ಫೋನಿಡುತ್ತಿದ್ದ ಹುಡುಗ.

ವಚನಕಾರ್ತಿ ಆಯ್ದಕ್ಕಿ ಲಕ್ಕಮ್ಮ ಪಕ್ಕದ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವಳು. ಗಂಡ ಮಾರಯ್ಯ ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಈಸಕ್ಕಿಯಾಸೆ ನಿಮಗೇಕೆ ಎಂದು ಕೇಳಿ ಹಿಂದಕ್ಕೆ ಸುರಿದು ಬರಲು ಕಳಿಸಿದವಳು. ಚಿಕ್ಕಂದಿನಿಂದ ಕೇಳಿದ ಕಥೆ. ನಿಲಯದ ಅಡುಗೆ ಮನೆಯಲ್ಲಿ ಅದು ದಿನಬಳಕೆಯ ಲೆಕ್ಕವಾಗಿತ್ತು. ಯಾರೋ ಶ್ರೀಮಂತರು ಮದುವೆಯಲ್ಲಿ ಉಳಿದ ಹತ್ತು ಮೂಟೆ ಅಕ್ಕಿ ಕಳಿಸಿದರೆ, ಅವ್ವಂದಿರು ತಿಂಗಳಿಗೆ ಬೇಕಾದಷ್ಟು ಇಳಿಸಿಕೊಂಡು ಉಳಿದದ್ದನ್ನು ಮುಂದಿನ ನಿಲಯಕ್ಕೆ ಕಳಿಸುತ್ತಿದ್ದರು. ಮುದುಕಿಯ ಅರ್ಧ ಸೇರನ್ನು ಮಾತ್ರ ಬೇಡವೆನ್ನುತ್ತಿರಲಿಲ್ಲ. ಕೊಡುವುದನ್ನು ನಾನು ಅಮೆರಿಕದಿಂದಲೇ ಕಲಿತು ಹೋಗಿದ್ದೆ. ಬಗ್ಗಿ ತೆಗೆದುಕೊಳ್ಳುವುದನ್ನು ಕಲಿಯಲು ಒಂಬತ್ತು ತಿಂಗಳು ಹಿಡಿಯಿತು. ಆದ್ದರಿಂದಲೇ ಎರಡು ವಾರದ ಸೇವಾ ಪ್ರವಾಸಗಳ ಬಗ್ಗೆ ನನಗೆ ಉತ್ಸಾಹ ಇಲ್ಲ. ಎರಡು ವಾರದಲ್ಲಿ ಕೊಡಲು ಮಾತ್ರ ಸಮಯ ಸಿಗುತ್ತದೆ.

ಇದೇ ಮಾತನ್ನು ಊರಿಗೆ ಊರೇ ಹೇಳುವುದನ್ನು ನೋಡಬೇಕಾದರೆ ಪುಷ್ಯ ಬಹುಳ ಬಿದಿಗೆಗೆ ಗವಿಮಠದ ಗವಿಸಿದ್ಧೇಶ್ವರ ಜಾತ್ರೆಗೆ ಹೋಗಬೇಕು. ನಾನಿದ್ದ ವರ್ಷ ಅದು ಜನವರಿಯ ಕೊನೆಯ ವಾರ ಬಂತು. ವಾರಗಟ್ಟಲೆ ಮೊದಲೇ ಹಳ್ಳಿಹಳ್ಳಿಯ ಹೆಣ್ಣುಮಕ್ಕಳು ಮನೆಯಲ್ಲಿ ರೊಟ್ಟಿ ಬಡಿದು, ಒಣಗಿಸಿ, ಟ್ರ್ಯಾಕ್ಟರಿನಲ್ಲಿ, ಎತ್ತಿನ ಗಾಡಿಯಲ್ಲಿ ಮೆರವಣಿಗೆ ಮಾಡಿ ತರುತ್ತಾರೆ. ಲಕ್ಷಗಟ್ಟಲೆ ಖಟಿ ರೊಟ್ಟಿ, ಜೊತೆಗೆ ಮಾದಲಿ ಎಂಬ ಸಿಹಿ. ಬರ ಬಿದ್ದ ಆ ವರ್ಷವೂ ಗಾಡಿಗಳು ಬಂದವು. ನಮ್ಮ ಹುಡುಗರು ನೀರು ಕೊಡುವ ಸಾಲಿನಲ್ಲಿ, ನಾನು ತಾಟು ತೊಳೆಯುವ ಸಾಲಿನಲ್ಲಿ. 2019ರಲ್ಲಿ ಇದೇ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಮುಂದೆ ನಿಂತು ಹಿರೇಹಳ್ಳದ 20 ಕಿಲೋಮೀಟರಿಗೂ ಹೆಚ್ಚು ಉದ್ದದ ಹೂಳು, ಕಸ ತೆಗೆಸಿದಾಗ ದುಡಿದವರೂ ಹೀಗೇ ಬಂದ ಜನ.

ಇನ್ನು ತಂದೆತಾಯಿಗಳಿಗೆ ಎರಡು ಮಾತು. ಮಕ್ಕಳು ಹೋಗುತ್ತೇನೆಂದರೆ ಕಳಿಸಿ. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವ ಬಿಸಿಲು ನಿಜ, ಮೊದಲ ತಿಂಗಳು ಖಾರಕ್ಕೆ ಹೊಟ್ಟೆ ಕೆಡುವುದೂ ನಿಜ. ಓಸಿಐ ಕಾರ್ಡ್ ಇದ್ದವರಿಗೆ ವೀಸಾ ಬೇಕಿಲ್ಲ. ಆದರೆ ಧರ್ಮಪ್ರಚಾರ, ಸಂಶೋಧನೆಯಂಥ ಕೆಲಸಕ್ಕೆ ಪ್ರತ್ಯೇಕ ಅನುಮತಿ ಬೇಕೆಂದು 2021ರ ನಿಯಮ ಹೇಳುತ್ತದೆ. ಹೋಗುವ ಸೇವೆ ಯಾವ ಬಗೆಯದು ಎಂಬುದನ್ನು ಕಾನ್ಸುಲೇಟಿನಲ್ಲಿ ಮೊದಲೇ ಕೇಳಿ ತಿಳಿದುಕೊಳ್ಳಿ. ಹಣ ಕೂಡಿಸುವ ಯೋಚನೆ ಇದ್ದರೆ ನನ್ನ ತಪ್ಪನ್ನು ಇನ್ನೊಮ್ಮೆ ಓದಿ.

ಆ ಹುಡುಗಿ ಈಗ ವಾರಕ್ಕೆರಡು ಸಂಜೆ ನಮ್ಮ ಮನೆಗೆ ಬಂದು ಎಸರಿಟ್ಟು ಹಿಟ್ಟು ನಾದುತ್ತಿದ್ದಾಳೆ. ರೊಟ್ಟಿಯ ಅಂಚು ಇನ್ನೂ ಒಡೆಯುತ್ತದೆ. ಕಲಿಯಬೇಕೆನ್ನುವವರು ಬೇರೆ ಯಾರಾದರೂ ಇದ್ದರೆ ಮುಂದಿನ ತಿಂಗಳ ಊಟದ ದಿನ ನನ್ನನ್ನು ಹುಡುಕಿ, ಪಾತ್ರೆ ತೊಳೆಯುವ ಕಡೆ ಇರುತ್ತೇನೆ.