ಈ ದೂರನ್ನ ಯಾವ ಕೌಂಟರ್‌ನಲ್ಲಿ ಕೊಡಬೇಕು?

ಮಾನ್ಯ ಸಂಪಾದಕರೇ,

ಮಹಿಳಾ ದಿನದ ನಿಮ್ಮ ಪುರವಣಿ ಓದಿದೆ, ಚೆನ್ನಾಗೇ ಇತ್ತು, ಸುಳ್ಳು ಹೇಳಲ್ಲ. ಡಾಕ್ಟರ್, ಪೊಲೀಸ್ ಅಧಿಕಾರಿ, ಸ್ಟಾರ್ಟಪ್ ಮಾಡಿರೋ ಹುಡುಗಿ, ಎಲ್ಲರಿಗೂ ಹೆಸರು ಫೋಟೋ ಸಮೇತ ಅರ್ಧರ್ಧ ಪುಟ ಕೊಟ್ಟಿದ್ರಿ. ಕೊನೇ ಪುಟದ ಕೆಳಗಡೆ ಒಂದು ಗುಂಪು ಫೋಟೋ, ಕೋಟು ಹಾಕ್ಕೊಂಡ ಹನ್ನೊಂದು ಜನ ಹೆಂಗಸರು ಕೈಯಲ್ಲಿ ಒಂದೊಂದು ಗುಲಾಬಿ ಹಿಡ್ಕೊಂಡು ನಿಂತಿದಾರೆ, ಅಡಿಯಲ್ಲಿ "ಪೌರಕಾರ್ಮಿಕ ಮಹಿಳೆಯರಿಗೆ ಸನ್ಮಾನ" ಅಂತ ಒಂದು ಸಾಲು. ಎಡದಿಂದ ನಾಲ್ಕನೆಯವರು ನಮ್ಮಮ್ಮ. ಗುಲಾಬಿ ಕೊಟ್ಟ ಸಾಹೇಬರ ಹೆಸರು ಇತ್ತು, ತಗೊಂಡೋರದ್ದು ಒಬ್ಬರದ್ದೂ ಇರ್ಲಿಲ್ಲ.

ಆದ್ರೆ ಪತ್ರ ಬರೀಬೇಕು ಅನ್ಸಿದ್ದು ಅದಕ್ಕಲ್ಲ, ಮೊದಲನೇ ಪುಟದ ಲೇಖನಕ್ಕೆ. ಹೆಣ್ಣು ಅನ್ನೋದೇ ಒಂದು ಜಾತಿ, ಬಡವಳಿರ್ಲಿ ಶ್ರೀಮಂತೆ ಇರ್ಲಿ ಕಷ್ಟ ಎಲ್ಲರದ್ದೂ ಒಂದೇ ಅಂತ ಬರ್ದಿದ್ರು. ಅದನ್ನ ಬರ್ದ ಮೇಡಂ ಮೇಲೆ ನನಗೇನೂ ಸಿಟ್ಟಿಲ್ಲ, ಅವ್ರು ಒಳ್ಳೇ ಮನಸಲ್ಲೇ ಬರ್ದಿರ್ತಾರೆ. ಆದ್ರೆ ನಮ್ಮಮ್ಮ ಇಪ್ಪತ್ತೆರಡು ವರ್ಷದಿಂದ ಬೀದಿ ಗುಡಿಸ್ತಿದಾರೆ, ನಾನು ಅವ್ರ ಸಂಬಳದಲ್ಲಿ ಬಿ.ಕಾಂ. ಮುಗ್ಸಿ ಈಗ ಒಂದು ಆಫೀಸಲ್ಲಿ ಅಕೌಂಟ್ಸ್ ನೋಡ್ಕೊಳ್ತೀನಿ, ನಾವು ನೋಡಿರೋದು ಬೇರೆ. (ಮನೇಲಿ ನಾನು ಅಮ್ಮನ್ನ ನೀನು ಅಂತಲೇ ಮಾತಾಡ್ಸೋದು. ಇಲ್ಲಿ ಬೇಕಂತಲೇ ಬಹುವಚನ ಹಾಕಿದೀನಿ, ಯಾಕಂದ್ರೆ ಬೀದೀಲಿ ಎಲ್‌ಕೆಜಿ ಮಗೂನೂ ಅವ್ರನ್ನ ಹೋಗು ಬಾ ಅಂತದೆ.)

ಅಮ್ಮ ಏಳೋದು ನಾಲ್ಕೂವರೆಗೆ. ಅಷ್ಟೊತ್ತಿಗೆ ಬಸ್ ಇರಲ್ಲ, ಹೆಂಗಸರಿಗೆ ಫ್ರೀ ಆದ್ಮೇಲೂ ಇಲ್ಲ, ಇಲ್ಲದ ಬಸ್ಸು ಫ್ರೀ ಇದ್ರೆಷ್ಟು ಬಿಟ್ರೆಷ್ಟು, ನಡ್ಕೊಂಡೇ ಹೋಗಿ ಆರು ಗಂಟೆಗೆ ಹಾಜರಿ ಹಾಕ್ಬೇಕು, ಐದು ನಿಮಿಷ ಲೇಟಾದ್ರೆ ಮೇಸ್ತ್ರಿ ಬಾಯಿಗೆ ಬಂದಂಗೆ ಬೈತಾನೆ, ಅರ್ಧ ದಿನ ಕಟ್. ಆಮೇಲೆ ಮಧ್ಯಾಹ್ನದವರೆಗೂ ಬೀದಿ. ಟಾಯ್ಲೆಟ್‌ಗೆ ಎಲ್ಲಿಗೆ ಹೋಗ್ತಾರೆ ಅಂತ ನೀವು ಯಾವತ್ತಾದ್ರೂ ಯೋಚ್ನೆ ಮಾಡಿದೀರಾ? ನಮ್ಮಮ್ಮ ಬೆಳಿಗ್ಗೆಯಿಂದ ನೀರೇ ಕುಡಿಯಲ್ಲ, ಅದೇ ಉಪಾಯ. ಗಂಡಸರು ಗೋಡೆ ನೋಡ್ಕೋತಾರೆ, ಇವ್ರಿಗೆ ಆಗಲ್ಲ. ಗುಡಿಸೋ ಬೀದೀಲಿ ನೂರೈವತ್ತು ಮನೆ ಇದೆ, ಒಂದೊಂದ್ರಲ್ಲೂ ಎರಡೆರಡು ಬಾತ್‌ರೂಮು, ಅದರಲ್ಲಿ ಒಂದೂ ಇವ್ರಿಗೆ ತೆರೆಯಲ್ಲ. ಬಾಯಾರಿದ್ರೆ ಗೇಟ್ ಹತ್ರ ನಿಂತ್ಕೋಬೇಕು, ಮೇಲಿಂದ ಕೈಗೆ ಸುರೀತಾರೆ, ಲೋಟ ಕೊಡಲ್ಲ. ಕೊರೋನಾ ಬಂದ್ಮೇಲೆ ಅದಕ್ಕೆ ಒಂದು ಹೊಸ ಹೆಸರು ಸಿಕ್ತು, ಹೈಜೀನ್ ಅಂತ.

ಒಂದು ಮನೆ ಬಗ್ಗೆ ಹೇಳ್ಬೇಕು. ಆ ಮನೆ ಮೇಡಂ ಎಂ.ಎ. ಓದಿದೋರು, ಮದುವೆ ಆದ್ಮೇಲೆ ಕೆಲಸ ಬಿಡ್ಸಿದಾರೆ, ಗಂಡ ಕೈ ಮಾಡ್ತಾನೆ. ಒಂದು ದಿನ ಬೆಳಿಗ್ಗೆ ಗೇಟ್ ಹತ್ರ ನಿಂತು ನಮ್ಮಮ್ಮನ ಹತ್ರ ಅತ್ರಂತೆ, ಇನ್ಯಾರ ಹತ್ರ ಹೇಳ್ಕೊಳ್ಳಲಿ ಅಂತ. ಅಮ್ಮ ಪೊರಕೆ ಹಿಡ್ಕೊಂಡೇ ಅರ್ಧ ಗಂಟೆ ಕೇಳಿಸ್ಕೊಂಡ್ರಂತೆ, ಆ ಅರ್ಧ ಗಂಟೆಗೆ ಮೇಸ್ತ್ರಿ ಹತ್ರ ಬೈಸ್ಕೊಂಡ್ರು ಕೂಡ. ಆದ್ರೆ ಆ ಅರ್ಧ ಗಂಟೇಲೂ ಗೇಟು ತೆಗೀಲಿಲ್ಲ. ಕಷ್ಟ ಹೇಳ್ಕೊಂಡಿದ್ದು ಗೇಟಿನ ಸರಳುಗಳ ಮಧ್ಯದಿಂದಲೇ. ಮಾರನೇ ದಿನ ನೀರು ಕೇಳಿದ್ರೆ ಮತ್ತೆ ಮೇಲಿಂದಲೇ ಸುರಿದಿದ್ದು. ನಾನು ಇದನ್ನ ಕೇಳಿ ಉರಿದುಬಿದ್ದೆ, ಅಮ್ಮ ಮಾತ್ರ "ಪಾಪ ಕಣೇ, ಅವ್ರ ಮನೆ ಲೋಟ ಕೂಡ ಅವ್ರದ್ದಲ್ಲ" ಅಂದ್ರು. ಮೇಡಮ್ಮಿಗೂ ಕಷ್ಟ ಇದೆ, ನಿಜವಾದ ಕಷ್ಟವೇ. ಆದ್ರೂ ಇಬ್ಬರದ್ದೂ ಒಂದೇ ಕಷ್ಟ ಅಂತ ನಿಮ್ಮ ಲೇಖನ ಹೇಳಿದ್ರೆ ನಾನು ಒಪ್ಪಲ್ಲ.

ಹಾಗಂತ ನಮ್ಮ ಗಂಡಸರು ಸುಖವಾಗಿದಾರೆ ಅಂತ ಅಲ್ಲ. ಮ್ಯಾನ್‌ಹೋಲ್‌ಗೆ ಇಳಿದು ಉಸಿರುಗಟ್ಟಿ ಸಾಯೋರು ಹೆಚ್ಚುಕಮ್ಮಿ ಎಲ್ಲಾ ಗಂಡಸರೇ, ಎಲ್ಲಾ ನಮ್ಮ ಕೇರಿಗಳವರೇ. ಮನುಷ್ಯರನ್ನ ಹಾಗೆ ಇಳಿಸಬಾರ್ದು ಅಂತ 2013ರಲ್ಲೇ ಕಾನೂನು ಬಂದಿದೆ, 2014ರಲ್ಲಿ ಸುಪ್ರೀಂ ಕೋರ್ಟು ಸತ್ತವರ ಮನೆಗೆ 10 ಲಕ್ಷ ಕೊಡಿ ಅಂತು, 2023ರ ಅಕ್ಟೋಬರ್‌ನಲ್ಲಿ ಅದನ್ನ 30 ಲಕ್ಷ ಮಾಡ್ತು, ಸಾವು ಮಾತ್ರ ನಿಂತಿಲ್ಲ. ಆದ್ರೆ ಗಂಡ ಸತ್ತ ಮೇಲೆ ಹೆಂಡ್ತಿಗೆ ಏನು ಸಿಗತ್ತೆ ನೋಡಿ. ಅನುಕಂಪದ ಕೆಲಸ ಅಂತ ಕೈಗೆ ಅದೇ ಪೊರಕೆ ಕೊಡ್ತಾರೆ. ಕೆಲಸದಲ್ಲೂ ಹಾಗೇ, ಪೊರಕೆ ಹೆಂಗಸರಿಗೆ, ಸ್ಟೇರಿಂಗು ಗಂಡಸರಿಗೆ. ನಮ್ಮಮ್ಮನ ಜೊತೆ ಕೆಲಸ ಮಾಡೋ ಒಬ್ಬ ಹುಡುಗಿ ಆಟೋ ಟಿಪ್ಪರ್ ಓಡಿಸೋದು ಕಲೀತೀನಿ ಅಂದಿದ್ದಕ್ಕೆ ಮೇಸ್ತ್ರಿಯಿಂದ ಹಿಡಿದು ಹೆಲ್ಪರ್ ಹುಡುಗನವರೆಗೂ ಎಲ್ಲರೂ ನಕ್ಕರಂತೆ, ಆ ಹೆಲ್ಪರ್ ಹುಡುಗ ನಮ್ಮ ಕೇರಿಯವನೇ, ನಮ್ಮಷ್ಟೇ ಬಡವ. ಇಷ್ಟು ವರ್ಷದಲ್ಲಿ ಅಮ್ಮ ಒಬ್ಬಳೇ ಒಬ್ಬಳು ಹೆಣ್ಣು ಮೇಸ್ತ್ರೀನ ನೋಡಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಕೆಲವು ವರ್ಷದ ಹಿಂದೆ ಅಮ್ಮನ ಜೊತೆಗಿದ್ದ ಒಬ್ಬರು ಅಕ್ಕನಿಗೆ ಮೇಸ್ತ್ರಿ ಕಾಟ ಕೊಡೋಕೆ ಶುರು ಮಾಡಿದ. ಮೊದಲು ದೂರದ ಬೀಟು ಹಾಕೋದು, ಆಮೇಲೆ ಹಾಜರಿ ಹಾಕೋವಾಗ ಬೆರಳು ಹಿಡ್ಕೊಳ್ಳೋದು, ಒಂದು ದಿನ ಕಸದ ಗಾಡಿ ಹಿಂದೆ ಸೆರಗು ಎಳೆದ, ಇವ್ರು ತಳ್ಳಿದಕ್ಕೆ ಜಾತಿ ಹೆಸರು ಹಿಡಿದು, ನಿಮ್ಮಂಥೋರಿಗೆ ಮಾನ ಬೇರೆ ಕೇಡು ಅಂತ ಎಲ್ಲರ ಮುಂದೆ ಬೈದ. ಸ್ಟೇಷನ್‌ಗೆ ಹೋದ್ರೆ ಅಲ್ಲಿದ್ದೋರು, ಜಾತಿ ನಿಂದನೆ ಕೇಸಾ ಇಲ್ಲ ಮೈ ಮುಟ್ಟಿದ ಕೇಸಾ, ಯಾವುದಾದ್ರೂ ಒಂದು ಹೇಳಮ್ಮ, ಎರಡೂ ಬರ್ದ್ರೆ ಕೇಸ್ ವೀಕ್ ಆಗತ್ತೆ ಅಂದ್ರು. ಯೂನಿಯನ್ ಅಣ್ಣಂದಿರು ಒಳ್ಳೆಯೋರು, ನಮಗೋಸ್ಕರ ಏಟು ತಿಂದಿದಾರೆ, ಆದ್ರೆ ಅವ್ರು, ಪರ್ಮನೆಂಟ್ ಲಿಸ್ಟ್ ರೆಡಿ ಆಗ್ತಿದೆ, ಈಗ ಈ ಗಲಾಟೆ ಬೇಡ ತಂಗಿ, ಹೋರಾಟಕ್ಕೆ ಕೆಟ್ಟ ಹೆಸರು ಅಂದ್ರು. ನಮ್ಮ ಜಾತಿ ಸಂಘದ ದೊಡ್ಡೋರು ಬೈಗುಳದ ಬಗ್ಗೆ ಕಂಪ್ಲೇಂಟ್ ಕೊಡೋಣ, ಸೆರಗಿನ ವಿಷಯ ಬೇಡ, ಮಗಳ ಮದುವೆ ಆಗ್ಬೇಕಲ್ಲ ಅಂದ್ರು. ಒಬ್ರು ಮಹಿಳಾ ಸಂಘದ ಮೇಡಂ ಸೆರಗಿನ ವಿಷಯ ಮಾತ್ರ ಬರೀರಿ, ಜಾತಿ ತಂದ್ರೆ ರಾಜಕೀಯ ಆಗತ್ತೆ ಅಂದ್ರು. ಗುತ್ತಿಗೆಯವನು ಕೊನೆಗೆ ಸುಲಭ ಮಾಡ್ಕೊಟ್ಟ, ಹಾಜರಿ ಪುಸ್ತಕದಿಂದ ಆ ಅಕ್ಕನ ಹೆಸರೇ ತೆಗೆದ. ಆ ಅಕ್ಕ ಈಗ ಅಪಾರ್ಟ್‌ಮೆಂಟ್‌ಗಳಲ್ಲಿ ಪಾತ್ರೆ ತೊಳೀತಾರೆ. ಮೇಸ್ತ್ರಿ ಇನ್ನೂ ಮೇಸ್ತ್ರಿನೇ.

ನಾಲ್ಕು ಬಾಗಿಲಿಗೆ ಹೋದ್ರು, ನಾಲ್ಕು ಕಡೇನೂ ಅವ್ರನ್ನ ತುಂಡು ಮಾಡಿ, ಈ ತುಂಡು ನಮ್ಮದು, ಮಿಕ್ಕಿದ್ದನ್ನ ಆಚೆ ಬಿಟ್ಟು ಬಾ ಅಂದ್ರು. ಮೇಸ್ತ್ರಿ ಏನು ಹಾಗೆ ಲೆಕ್ಕ ಹಾಕಿ ಕೈ ಹಾಕಿದ್ನಾ, ಇಷ್ಟು ಪಾಲು ಹೆಂಗಸು ಅಂತ, ಇಷ್ಟು ಪಾಲು ಕೀಳು ಜಾತಿ ಅಂತ, ಇಷ್ಟು ಪಾಲು ಗುತ್ತಿಗೆ ಕೆಲಸದವಳು ಅಂತ? ಇದೇ ಬೀದಿಯ ಮೇಡಂ ಸೆರಗು ಎಳೆಯೋ ಧೈರ್ಯ ಅವನಿಗೆ ಇಲ್ಲ, ಟಿಪ್ಪರ್ ಡ್ರೈವರ್‌ಗೆ ಹಂಗೆ ಮಾಡೋ ಪ್ರಶ್ನೆನೇ ಇಲ್ಲ. ಮೂರೂ ಸೇರಿರೋ ಜಾಗ ನೋಡ್ಕೊಂಡೇ ಕೈ ಹಾಕಿದ್ದು.

ಕೋರ್ಟಿಗೆ ಹೋಗಿದ್ರೆ ಏನಾಗ್ತಿತ್ತು ಅಂತ ನಾನು ಆಮೇಲೆ ಓದಿ ನೋಡ್ದೆ. 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಲ್ಲಿ ಆಂಧ್ರದ ಒಂದು ಕೇಸು ಬಂದಿತ್ತು, ಹುಟ್ಟಿನಿಂದ ಕಣ್ಣು ಕಾಣದ ಪರಿಶಿಷ್ಟ ಜಾತಿ ಹುಡುಗಿ ಮೇಲೆ ಅತ್ಯಾಚಾರ ಆಗಿದ್ದು. ಜಾತಿ, ಹೆಣ್ತನ, ಅಂಗವೈಕಲ್ಯ ಎಲ್ಲಾ ಒಂದರೊಳಗೊಂದು ಹೆಣ್ಕೊಂಡಿರತ್ತೆ, ಬಿಡಿಸಿ ನೋಡೋಕೆ ಆಗಲ್ಲ ಅಂತ ತೀರ್ಪಲ್ಲಿ ಪುಟಗಟ್ಟಲೆ ಬರ್ದಿದಾರೆ, ಓದ್ತಾ ನನಗೆ ಕಣ್ಣಲ್ಲಿ ನೀರು ಬಂತು. ಅತ್ಯಾಚಾರಕ್ಕೆ ಕೊಟ್ಟಿದ್ದ ಜೀವಾವಧಿ ಶಿಕ್ಷೆನೂ ಉಳಿಸಿದ್ರು. ಆದ್ರೆ ಜಾತಿ ಕಾರಣಕ್ಕೇ ಮಾಡಿದಾನೆ ಅನ್ನೋದಕ್ಕೆ ಬೇರೆ ಸಾಕ್ಷಿ ಇಲ್ಲ ಅಂತ ಪರಿಶಿಷ್ಟ ಜಾತಿ, ಪಂಗಡದವರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ ಶಿಕ್ಷೆ ರದ್ದಾಯ್ತು! ಆ ಘಟನೆ ಹಳೇ ಕಾನೂನು ಇದ್ದಾಗಿಂದು, 2016ರಿಂದ ತಿದ್ದುಪಡಿ ಬಂದಿದೆ, ಈಗ ಆಕೆ ಯಾವ ಜಾತಿ ಅಂತ ಗೊತ್ತಿದ್ದೂ ಮಾಡಿದ್ರೆ ಸಾಕು. ಕಾನೂನು ಬದಲಾದ ಸುದ್ದಿ ನಮ್ಮೂರ ಸ್ಟೇಷನ್‌ನ ಆ ಟೇಬಲ್ಲಿಗೆ ಇನ್ನೂ ತಲುಪಿಲ್ಲ ಅಷ್ಟೇ.

ಇದು ನಮ್ಮ ದೇಶದ್ದೇ ರೋಗ ಅಂತಲೂ ಅಲ್ಲ. ಅಮೆರಿಕದಲ್ಲಿ ಜನರಲ್ ಮೋಟರ್ಸ್ ಕಾರ್ ಕಂಪನಿ ಮೇಲೆ ಐದು ಜನ ಕಪ್ಪು ಹೆಂಗಸರು ಕೇಸ್ ಹಾಕಿದ್ರು. ಆ ಪ್ಲಾಂಟಲ್ಲಿ 1964ಕ್ಕೆ ಮುಂಚೆ ಕಪ್ಪು ಹೆಂಗಸರನ್ನ ಕೆಲಸಕ್ಕೇ ತಗೊಂಡಿರ್ಲಿಲ್ಲ, ಆಮೇಲೆ ಕಷ್ಟ ಬಂದಾಗ ಕೊನೇಲಿ ಸೇರಿದೋರು ಮೊದಲು ಮನೆಗೆ ಅಂದ್ರು, ಹಂಗಾಗಿ ಇವ್ರೇ ಹೋದ್ರು. 1976ರಲ್ಲಿ ಕೋರ್ಟು ಏನಂತು ಗೊತ್ತಾ, ಹೆಂಗಸರು ಕೆಲಸದಲ್ಲಿ ಇದಾರಲ್ಲ, ಕಪ್ಪು ಜನ ಬೇಕಾದ್ರೆ ಬೇರೆ ಕೇಸಲ್ಲಿ ಸೇರ್ಕೊಳ್ಲಿ, ಎರಡೂ ಸೇರಿಸಿ ಕೇಳೋ ಹಾಗಿಲ್ಲ ಅಂತ. ಕೆಲಸದಲ್ಲಿದ್ದ ಆ ಹೆಂಗಸರು ಬಿಳಿಯರು, ಆಫೀಸಲ್ಲಿ. ಪ್ಲಾಂಟಲ್ಲಿದ್ದ ಕಪ್ಪು ಜನ ಗಂಡಸರು. ನಮ್ಮ ಸ್ಟೇಷನ್ನಿನ ಮಾತೇ ಇಂಗ್ಲಿಷಲ್ಲಿ ಕೇಳ್ದಂಗಾಯ್ತು. 1989ರಲ್ಲಿ ಕಿಂಬರ್ಲೆ ಕ್ರೆನ್‌ಶಾ ಅನ್ನೋ ಕಾನೂನು ಪ್ರೊಫೆಸರ್ ಮೇಡಂ ಇದೇ ಕೇಸ್ ಇಟ್ಕೊಂಡು ಬರ್ದಿದ್ದು ಈಗ ಕಾಲೇಜುಗಳಲ್ಲಿ ಪಾಠ. ಅದಕ್ಕೂ ಎಷ್ಟೋ ಮುಂಚೆ, 1916ರಲ್ಲಿ, ಅದೇ ಅಮೆರಿಕದ ಕೊಲಂಬಿಯಾ ಯೂನಿವರ್ಸಿಟೀಲಿ ನಮ್ಮ ಬಾಬಾಸಾಹೇಬರು ಒಂದು ಪ್ರಬಂಧ ಓದಿದ್ರು, ಆಗ ಅವ್ರಿಗೆ ಬರೀ 25 ವರ್ಷ. ಜಾತಿ ಉಳಿದಿರೋದೇ ಹೆಣ್ಣನ್ನ ಕಟ್ಟಿಹಾಕಿ, ಸತಿ, ಬಲವಂತದ ವೈಧವ್ಯ, ಬಾಲ್ಯವಿವಾಹ ಎಲ್ಲಾ ಜಾತಿಯ ಬೇಲಿ ಕಾಯೋಕೆ ಮಾಡ್ಕೊಂಡಿದ್ದು ಅಂತ ಅವತ್ತೇ ಹೇಳಿದಾರೆ. ಅವ್ರ ಫೋಟೋಗೆ ಹಾರ ಹಾಕೋ ನಮ್ಮ ಸಂಘದ ದೊಡ್ಡೋರು ಅದನ್ನೊಂದು ಸಲ ಓದ್ಬೇಕಿತ್ತು.

ಬಣ್ಣದ ವಿಷಯ ನಮಗೆ ಸಂಬಂಧ ಇಲ್ಲ ಅನ್ನೋರಿಗೆ ಒಂದು ಮಾತು. 2016ರ ಜನವರಿ ಕೊನೇಲಿ ಬೆಂಗಳೂರಿನ ಹೆಸರಘಟ್ಟ ಕಡೆ ಒಬ್ಬ ಸುಡಾನ್ ಹುಡುಗನ ಕಾರು ಗುದ್ದಿ ಒಬ್ಬರು ಹೆಂಗಸು ತೀರ್ಕೊಂಡ್ರು. ಅರ್ಧ ಗಂಟೆ ಆದ್ಮೇಲೆ ಆ ದಾರೀಲಿ ಬಂದ ತಾಂಜಾನಿಯಾದ ಹುಡುಗೀನ, ಅವಳಿಗೂ ಆ ಆಕ್ಸಿಡೆಂಟಿಗೂ ಏನೂ ಸಂಬಂಧ ಇಲ್ಲ, ಕಾರಿಂದ ಎಳೆದು ಹೊಡೆದು ಬಟ್ಟೆ ಹರಿದ್ರು. ಕಪ್ಪಗಿದ್ದಿದ್ದಕ್ಕೆ ಹಿಡಿದ್ರು, ಹೆಣ್ಣಾಗಿದ್ದಕ್ಕೆ ಬಟ್ಟೆಗೆ ಕೈ ಹಾಕಿದ್ರು. ಯಲ್ಲಾಪುರ ಹಳಿಯಾಳ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಹುಡುಗೀರು ತಲೆತಲಾಂತರದಿಂದ ಇಲ್ಲೇ ಹುಟ್ಟಿ ಕನ್ನಡ ಕೊಂಕಣಿ ಮಾತಾಡ್ತಾರೆ, ಅವ್ರನ್ನೂ ಯಾವ ದೇಶ ಅಂತ ಕೇಳೋ ಜನ ನಾವು.

ಸರ್ಕಾರ ಏನೂ ಮಾಡಿಲ್ಲ ಅಂದ್ರೆ ತಪ್ಪಾಗತ್ತೆ. 2022ರ ಜುಲೈನಲ್ಲಿ ರಾಜ್ಯದ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಕೂತ್ರು, ಅದಾದ್ಮೇಲೆ 11,133 ಜನರನ್ನ ಪರ್ಮನೆಂಟ್ ಮಾಡೋಕೆ ಒಪ್ಪಿಗೆ ಸಿಕ್ತು, 2025ರ ಮೇ ದಿನ ಬೆಂಗಳೂರಲ್ಲಿ 12,692 ಜನರಿಗೆ ಕಾಯಂ ಮಾಡಿದ್ದೂ ನಿಮ್ಮ ಪೇಪರಲ್ಲೇ ಓದಿದೆ, ಓದಿ ಅಮ್ಮನಿಗೆ ಸ್ವೀಟ್ ತಂದೆ, ನಮ್ಮೂರಿಗೂ ಬರ್ಲಿ ಅಂತ. ಪರ್ಮನೆಂಟ್ ಆದ್ರೆ ಹೆಸರು ಹೊಡೆದು ಹಾಕೋದು ಅಷ್ಟು ಸುಲಭ ಇರಲ್ಲ, ಅದೇ ದೊಡ್ಡದು. ಆದ್ರೆ ಹಾಜರಿ ಪುಸ್ತಕ ಹಿಡಿಯೋ ಕೈ ಯಾರದ್ದು, ಮೇಸ್ತ್ರಿ ಕೆಲಸಕ್ಕೆ ಹೆಂಗಸರನ್ನ ಯಾಕೆ ತಗೊಳಲ್ಲ, ಕಿರುಕುಳದ ದೂರು ಕೇಳೋಕೆ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಪ್ರಕಾರ ಇರ್ಬೇಕಾದ ಸಮಿತಿ ಎಲ್ಲಿದೆ, ಅದರಲ್ಲಿ ಪೊರಕೆ ಹಿಡಿದವರು ಒಬ್ಬರಾದ್ರೂ ಇದಾರಾ, ಇದನ್ನ ನಿಮ್ಮ ರಿಪೋರ್ಟರ್‌ಗಳು ಊರೂರಲ್ಲಿ ಕೇಳಿ ಬರೀಬೇಕು ಅನ್ನೋದು ನನ್ನ ವಿನಂತಿ. ಒಂದು ಹೆಂಗಸರ ಪುಟ, ಒಂದು ದಲಿತರ ಪುಟ, ಒಂದು ಕಾರ್ಮಿಕರ ಪುಟ ಅಂತ ಮಾಡಿದ್ರೆ ನಮ್ಮಮ್ಮ ಮೂರರಲ್ಲೂ ಮೂಲೇಲೇ ಇರ್ತಾರೆ.

ನನ್ನ ಹೆಸರು, ಊರು ಹಾಕ್ಬೇಡಿ. ಹೆಸರಿಲ್ಲ ಅಂತ ದೂರಿದವಳೇ ಹೆಸರು ಬೇಡ ಅಂತಿದೀನಿ ಅಂತ ನಗ್ಬೇಡಿ, ಅಮ್ಮನಿಗೆ ಇನ್ನೂ ಮೂರು ವರ್ಷ ಸರ್ವಿಸ್ ಇದೆ. ಆದ್ರೆ ಆ ಫೋಟೋದಲ್ಲಿರೋ ಹನ್ನೊಂದು ಜನರ ಹೆಸರು ಹಾಕೋಕೆ ಯಾರ ಅಡ್ಡಿಯೂ ಇಲ್ಲ, ನಾನು ಕೇಳ್ದೆ, ಎಲ್ಲರೂ ಹಾಕ್ಲಿ ಅಂದಿದಾರೆ. ತಿದ್ದುಪಡಿ ಹಾಕೋದಾದ್ರೆ ನಿಮ್ಮೋರನ್ನ ಮಧ್ಯಾಹ್ನ ಎರಡು ಗಂಟೆ ಮೇಲೆ ಕಳ್ಸಿ, ಅದಕ್ಕೂ ಮುಂಚೆ ಬೀದೀಲಿ ಮಾತಾಡ್ಸಿದ್ರೆ ಹಾಜರಿ ಕಟ್ ಆಗತ್ತೆ.

ಇಂತಿ,
ಪೌರಕಾರ್ಮಿಕರೊಬ್ಬರ ಮಗಳು