ಬಿಸಿಲಾಘಾತಕ್ಕೆ ಜ್ವರದ ಮಾತ್ರೆಯಲ್ಲ, ತಣ್ಣೀರು

ಮಾನ್ಯರೇ,

ಬಿಸಿಲಿಗೆ ಕುಸಿದವರ ಮೈ ಸುಡುತ್ತಿದೆಯೆಂದು ಪ್ಯಾರಸಿಟಮಾಲ್ ನುಂಗಿಸುವವರಿದ್ದಾರೆ. ಇದು ಜ್ವರವಲ್ಲ, ಮೈ ತಣಿಸಿಕೊಳ್ಳುವ ಶಕ್ತಿಯೇ ಸೋತಿರುತ್ತದೆ. ಮಾತ್ರೆ ಕೆಲಸ ಮಾಡದು, ಯಕೃತ್ತಿಗೆ ಹಾನಿಯೂ ಆದೀತು.

ಮೈ ಕಾದಿದ್ದು, ಮಾತು ತೊದಲಿದರೆ ಅಥವಾ ಗೊಂದಲ ಕಂಡರೆ ತಕ್ಷಣ ಆಂಬುಲೆನ್ಸ್ ಕರೆಸಿ. ಥರ್ಮಾಮೀಟರ್ 40 ಡಿಗ್ರಿ ಸೆಲ್ಸಿಯಸ್ ತೋರಿಸಲೆಂದು ಕಾಯಬೇಡಿ. ಕಂಕುಳಲ್ಲಿಟ್ಟರೆ ಅದು ಕಡಿಮೆಯನ್ನೇ ತೋರಿಸೀತು. ಅಷ್ಟರೊಳಗೆ ನೆರಳಿಗೆ ಸಾಗಿಸಿ, ಹೆಚ್ಚಿನ ಬಟ್ಟೆ ತೆಗೆದು, ಮೈಮೇಲೆಲ್ಲ ತಣ್ಣೀರು ಸುರಿಯುತ್ತ ಜೋರಾಗಿ ಗಾಳಿ ಬೀಸಿ. ಕತ್ತು, ಕಂಕುಳು, ತೊಡೆಸಂದಿಗೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಡಿ. ಬೆವರು ಬರುತ್ತಿದೆಯಲ್ಲ ಎಂದು ನಿರಾಳರಾಗಬೇಡಿ. ದುಡಿಯುವಾಗ ಬಡಿಯುವ ಆಘಾತದಲ್ಲಿ ಬೆವರು ನಿಂತಿರಲೇಬೇಕೆಂದಿಲ್ಲ.

ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕುವುದಂತೂ ಕೂಡದು, ಶ್ವಾಸಕೋಶಕ್ಕೆ ಇಳಿದೀತು. ಪಕ್ಕಕ್ಕೆ ಹೊರಳಿಸಿ ಮಲಗಿಸಿ.